ಹಳೆಯ ರಿವಾಲ್ವರಿನ ಗುರಿ

ಹಿಡಕಲ್ಲಿನ ಸುತ್ತಣ ಹಳೆಯ ವಾಡೆಗಳಲ್ಲಿ ಮುತ್ಯಾನ ಕಾಲದ ರಿವಾಲ್ವರೊಂದು ಪೆಟ್ಟಿಗೆಯ ತಳದಲ್ಲಿ ಉಳಿದಿರುವುದುಂಟು. ಎಂದೋ ಯಾರೋ ಅದನ್ನು ತಿದ್ದಿರುವರು, ಅರಗಿರುವರು. ಇಂತಹ ಮುದಿ ಆಯುಧವು ಹೊಸದಕ್ಕಿಂತ ನೆಟ್ಟಗೆ ಹೊಡೆಯುವುದೆಂದು ಮನೆಯವರು ಹೇಳಿದರೆ ವಾಚಕರು ನಗಬೇಕಾಗಿಲ್ಲ. ಅದು ಸಂಭವವೇ ಸರಿ.

ರಿವಾಲ್ವರಿನಲ್ಲಿ ತೋಟಾಗಳನ್ನಿಡುವ ಕೋಣೆಗಳುಳ್ಳ ಉರುಳೆಯೊಂದು ತಿರುಗುವುದು. ಪ್ರತಿಯೊಂದು ಕೋಣೆಯೂ ತನ್ನ ಸರದಿಯಲ್ಲಿ ನಳಿಗೆಗೆ ಕೂದಲೆಳೆಯಷ್ಟೂ ತಪ್ಪದೆ ಎದುರಾಗಬೇಕು. ಹಳೆಯ ಮಾಸ್ತರರಾದ ನಮಗೆ ಇದು ಸಂಧಿಕಾರ್ಯದಂತೆಯೇ ತೋರುವುದು. ಕೂಡುವಲ್ಲಿ ತಪ್ಪಿದರೆ ಅರ್ಥವು ಎತ್ತಲೋ ಹೋಗುವುದು. ಎದುರು ಸರಿಯಾದರೆ ಗುಂಡು ನಳಿಗೆಯೊಳಗಿನ ಸುರುಳಿಗೆರೆಗಳನ್ನು ಹಿಡಿದು, ಬುಗುರಿಯಂತೆ ತಿರುಗುತ್ತ, ದಾರಿಬಿಡದೆ ಸಾಗುವುದು. ಆ ಗೆರೆಗಳಿಗೆ ತುಕ್ಕು ತಗುಲದಿದ್ದರೆ ವಯಸ್ಸು ಲೆಕ್ಕಕ್ಕೆ ಬಾರದು. ಇನ್ನು ಕುದುರೆಯ ಬಿಗುಪನ್ನು ತಗ್ಗಿಸಿದ್ದರೆ, ಅದನ್ನೆಳೆಯುವ ಬೆರಳು ಕೈಯನ್ನು ಅಲುಗಿಸುವುದು ಕಡಿಮೆ. ಇಂಗ್ಲಿಷರು ತಮ್ಮ ಎನ್‌ಫೀಲ್ಡ್ ರಿವಾಲ್ವರಿಗೆ ಇದರ ವಿಪರೀತವನ್ನೇ ಮಾಡಿದರು. 1938ರಲ್ಲಿ ಅದರ ಸುತ್ತಿಗೆಯ ಕೊಂಬನ್ನು ತೆಗೆದುದರಿಂದ, ಸುತ್ತಿಗೆಯನ್ನು ಮೊದಲೇ ಹಿಂದಕ್ಕೆಳೆದಿಟ್ಟು ಹಗುರಾಗಿ ಹೊಡೆಯುವ ಅನುಕೂಲವು ತಪ್ಪಿತು; ಗುರಿಯೂ ಕಠಿಣವಾಯಿತು.

ಮಾರ್ಪಾಡಿನಿಂದ ಗುರಿ ಉತ್ತಮವಾದುದಕ್ಕೆ ಬಂದೂಕಿನ ದೃಷ್ಟಾಂತವಿದೆ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬಿನ ತೋಟಾಗಳು ಯಾವ ಎನ್‌ಫೀಲ್ಡ್ ಬಂದೂಕಿನವೋ, ಆ ಬಂದೂಕುಗಳನ್ನೇ 1866ರಿಂದ ಸ್ನೈಡರನ ಉಪಾಯದಂತೆ ಹಿಂಬದಿಯಲ್ಲಿ ಕೊಯ್ದು, ಅಲ್ಲಿಂದಲೇ ತೋಟಾ ತುಂಬುವಂತೆ ಮಾಡಿದರು. ಪರೀಕ್ಷೆಯಲ್ಲಿ ಅವು ಮೊದಲಿಗಿಂತ ನಿಖರವಾಗಿ ಕಂಡುವು; ನಿಮಿಷಕ್ಕೆ 3 ಗುಂಡಿನ ಸ್ಥಾನದಲ್ಲಿ 10 ಹಾರಿದುವು.

ಆದರೆ ನೆಟ್ಟಗೆ ಹೊಡೆಯುವುದು ಬೇರೆ, ಗಟ್ಟಿಯಾಗಿರುವುದು ಬೇರೆ. ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕೆಗೆ ಹೋದ ಅನೇಕ ವೆಬ್ಲಿ ರಿವಾಲ್ವರುಗಳ ಉರುಳೆಯನ್ನು ಹಿಂದುಗಡೆ ಅರಗಿ, ಅಲ್ಲಿಯ ಪಿಸ್ತೂಲಿನ ತೋಟಾ ಹಿಡಿಸುವಂತೆ ಮಾಡಿದರು. ಆ ತೋಟಾದ ಒತ್ತಡವು ವೆಬ್ಲಿ ತಾಳಬೇಕಾದ ಮಿತಿಯನ್ನು ಮೀರುವಂಥದು. ನೂರು ಸಲ ಗುರಿ ಮುಟ್ಟಿ, ನೂರೊಂದನೆಯ ಸಲ ಉರುಳೆಯೇ ಒಡೆದರೆ ಹೊಡೆದವನ ಕೈಯ ಗತಿಯೇನು?

ನೆರೆಯ ಮುಧೋಳ ಸೀಮೆಯ ಹಲಗಲಿಯಲ್ಲಿ, 1857ರ ನಿಶ್ಶಸ್ತ್ರೀಕರಣ ಕಾಯಿದೆಗೆ ಒಪ್ಪದ ಬೇಡರು ಪ್ರಾಣವನ್ನೇ ತೆತ್ತರು. ಈ ಸೀಮೆಯವರಿಗೆ ಹಿರಿಯರ ಆಯುಧವನ್ನು ಒಪ್ಪಿಸೆಂದರೆ ಮನಸ್ಸು ಒಗ್ಗದಿರುವುದು ಸಹಜ. ಆದರೂ 2019ರ ತಿದ್ದುಪಡಿಯಿಂದ ಸಾಮಾನ್ಯ ಗೃಹಸ್ಥನಿಗೆ 3ರ ಬದಲು 2 ಆಯುಧಗಳು ಮಾತ್ರ; ಪಿತ್ರಾರ್ಜಿತವೂ ಆ ಲೆಕ್ಕದೊಳಗೇ. ಮುತ್ಯಾನದನ್ನೇ ಉಳಿಸಿಕೊಳ್ಳುವವರು, ಗುರಿಯ ಹೆಮ್ಮೆಗೆ ಮುನ್ನ, ಪರವಾನಗಿಯುಳ್ಳ ಕುಶಲಿಯಿಂದ ಉರುಳೆಯನ್ನು ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯಾಗುವ ತನಕ ಅದರಲ್ಲಿ ಒಂದು ತೋಟಾವನ್ನೂ ತುಂಬಕೂಡದು. ಮಕ್ಕಳಿರುವ ಮನೆಯಾದರೆ ತೋಟಾಗಳು ಬೇರೊಂದು ಪೆಟ್ಟಿಗೆಯಲ್ಲಿ, ಬೇರೊಂದು ಬೀಗದೊಳಗಿರಲಿ.