ಮನೆವಾರ್ತೆ: ಸೆಲ್ಫ್ ಮೋಟಾರನ್ನು ಬಿಚ್ಚುವ ಮುನ್ನ

ಗಡಿನಾಡಿನವರಾದ ನಮಗೆ ಒಂದೊಂದು ವಸ್ತುವಿಗೂ ಎರಡು ಮೂರು ಹೆಸರುಗಳಿರುವುದು ಹೊಸತಲ್ಲ. ಮನೆಯೊಳಗೆ ಒಂದು, ಪೇಟೆಯಲ್ಲಿ ಇನ್ನೊಂದು, ಕಚೇರಿಯ ಕಾಗದದಲ್ಲಿ ಮತ್ತೊಂದು. ಆದರೆ ಕಾರಿನ ಎಂಜಿನನ್ನು ಎಬ್ಬಿಸುವ ಆ ಪುಟ್ಟ ಮೋಟಾರಿಗೆ ಮಾತ್ರ ನಮ್ಮ ಕಾಸರಗೋಡು ಸೀಮೆಯಲ್ಲಿ ಕನ್ನಡ, ತುಳು, ಮಲಯಾಳ ಮೂರರಲ್ಲಿಯೂ ‘ಸೆಲ್ಫ್’ ಎಂಬ ಒಂದೇ ಹೆಸರು. “ಸೆಲ್ಫ್ ಹೋಗಿದೆ” ಎಂದರೆ ಯಾವ ವರ್ಕ್‌ಶಾಪಿನವರಿಗೂ ತಿಳಿಯುತ್ತದೆ. ಆದರೆ ಆ ಮಾತು ನಿಜವೇ ಎಂದು ನಿರ್ಣಯಿಸುವುದು ಅಷ್ಟು ಸುಲಭವಲ್ಲ. ನಿರಪರಾಧಿಯಾದ ಸೆಲ್ಫನ್ನು ಬಿಚ್ಚಿ, ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಕೂಡಿಸಿ, ಕೀಲಿ ತಿರುಗಿಸಿದಾಗ ಅದೇ ಹಳೆಯ ‘ಟಕ್’ ಶಬ್ದವನ್ನು ಕೇಳಿದ ಮನೆಗಳು ನಮ್ಮ ನಡುವೆ ಕಡಮೆಯಿಲ್ಲ.

ಕಾರಿನ ಮಾತು ಗೃಹಿಣಿಯರೂ ಓದುವ ಈ ಪುಟದಲ್ಲಿ ಏಕೆಂದು ಕೇಳುವವರಿರಬಹುದು. ನಮ್ಮ ತೋಟದ ಮನೆಗಳು ಗುಡ್ಡದ ಮೇಲೊಂದು, ಕಣಿವೆಯಲ್ಲೊಂದು. ಆಟಿಯ ಮಳೆ ಸುರಿಯುವ ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಮಂಗಳೂರಿನ ಆಸ್ಪತ್ರೆಯ ದಾರಿ ಅಂಗಳದ ಕಾರಿನಿಂದಲೇ ಆರಂಭವಾಗಬೇಕು. ಆ ಹೊತ್ತಿಗೆ ಅದು ಎಚ್ಚರಗೊಳ್ಳದಿದ್ದರೆ ಅದರ ಉಳಿದ ಸೌಕರ್ಯಗಳೆಲ್ಲ ಇದ್ದೂ ಇಲ್ಲದಂತೆ.

ಕಾರು ಹುಟ್ಟಿದ ಮೊದಲ ಕಾಲದಲ್ಲಿ ಎಂಜಿನನ್ನು ಎಬ್ಬಿಸಲು ಮುಂಭಾಗಕ್ಕೆ ಹ್ಯಾಂಡಲು ಹಾಕಿ ತಿರುಗಿಸಬೇಕಿತ್ತು. ಎಂಜಿನು ಹಿಂದಕ್ಕೆ ಒದೆದರೆ ಕೈಮೂಳೆ ಮುರಿಯುತ್ತಿತ್ತು. ಈ ಸಂಕಟಕ್ಕೆ ಪರಿಹಾರ ಕಂಡುಹಿಡಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಅದಕ್ಕೂ ಮೊದಲು ಅವರು ಅಂಗಡಿಗಳ ಹಣದ ಯಂತ್ರಕ್ಕೆ ಮೋಟಾರು ಜೋಡಿಸಿದ್ದವರು. ಕ್ಷಣಹೊತ್ತು ಮಾತ್ರ ದುಡಿಯುವ ಮೋಟಾರು ಸಣ್ಣದಿದ್ದರೂ ಅದರಿಂದ ದೊಡ್ಡ ಕೆಲಸ ತೆಗೆಯಬಹುದೆಂಬುದು ಅವರು ಅಲ್ಲಿ ಕಂಡುಕೊಂಡ ಗುಟ್ಟು. ಇಂದಿನ ಸೆಲ್ಫ್ ಕೂಡ ಅದೇ ಜಾತಿಯದು. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಅದನ್ನು ತಿರುಗಿಸಬಾರದು. ಒಮ್ಮೆ ತಿರುಗಿಸಿದ ಮೇಲೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಕೋಪದಿಂದ ಕೀಲಿಯನ್ನು ಹಿಡಿದೇ ನಿಲ್ಲುವವರು ಸೆಲ್ಫಿನ ಸುರುಳಿಗಳನ್ನು ತಾವಾಗಿಯೇ ಸುಡುತ್ತಾರೆ.

ಇನ್ನು ಪರೀಕ್ಷೆಯ ವಿಷಯ. ಹೆಡ್‌ಲೈಟಿನ ಒಂದು ಬಲ್ಬು ಐದು ಆಂಪಿಯರಿನಷ್ಟು ವಿದ್ಯುತ್ತನ್ನು ಬೇಡುತ್ತದೆ. ಸೆಲ್ಫ್ ನೂರಕ್ಕೂ ಮೇಲೆ ಬೇಡುತ್ತದೆ. “ಹಾರ್ನು ಹೊಡೆಯುತ್ತಿದೆ, ಆದುದರಿಂದ ಬ್ಯಾಟರಿ ಚೆನ್ನಾಗಿದೆ” ಎಂಬ ವಾದ ಇಲ್ಲಿಯೇ ಮುರಿದು ಬೀಳುತ್ತದೆ. ಬ್ಯಾಟರಿಯ ತುದಿಯಲ್ಲಿ ಬೆಳೆದ ಬಿಳಿ, ಹಸಿರು ಕಿಲುಬು ಒಂದು ಓಮಿನ ನೂರರಲ್ಲಿ ಎರಡು ಪಾಲಿನಷ್ಟು ಮಾತ್ರ ತಡೆಯೊಡ್ಡಿದರೂ, 100 ಆಂಪಿಯರ್ ಹರಿಯುವಾಗ ಹನ್ನೆರಡು ವೋಲ್ಟಿನಲ್ಲಿ ಎರಡು ಅಲ್ಲಿಯೇ ಸೋರಿಹೋಗುತ್ತವೆ. ಹಾರ್ನಿಗೆ ಅದು ಲೆಕ್ಕಕ್ಕಿಲ್ಲ. ಸೆಲ್ಫಿಗೆ ಅದು ಪ್ರಾಣಸಂಕಟ. ಕಡಲ ಗಾಳಿಯೂ ಮಳೆಯೂ ಕೂಡಿದ ನಮ್ಮ ಊರುಗಳಲ್ಲಿ ಈ ಕಿಲುಬು ಬೇಗ ಕೂರುತ್ತದೆ. ಮೊದಲು ಅದನ್ನು ಬಿಸಿನೀರು ಮತ್ತು ಅಡುಗೆ ಸೋಡದಿಂದ ತೊಳೆದು, ಉಜ್ಜಿ, ಒರೆಸಿ, ಬಿಗಿಯಿರಿ. ಅನೇಕ ಕಾರುಗಳ ರೋಗ ಇಷ್ಟರಲ್ಲಿಯೇ ವಾಸಿಯಾಗುತ್ತದೆ.

ಆಗದಿದ್ದರೆ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕತ್ತಲಾದ ಮೇಲೆ ಗೋಡೆಗೆದುರಾಗಿ ಹೆಡ್‌ಲೈಟ್ ಹೊತ್ತಿಸಿ ಕೀಲಿಯನ್ನು ತಿರುಗಿಸಿ ನೋಡಿ. ಬೆಳಕು ಪೂರ್ತಿ ಮಂಕಾಗಿ ‘ಟಕಟಕ’ ಎಂದು ಸದ್ದಾದರೆ ಸಂಶಯವು ಬ್ಯಾಟರಿ ಮತ್ತು ತಂತಿಗಳ ಮೇಲೆ. ಬೆಳಕು ಕುಂದದೆ ಒಂದೇ ಒಂದು ‘ಟಕ್’ ಕೇಳಿದರೆ ಸೊಲೆನಾಯ್ಡಿನ ತಾಮ್ರದ ಸಂಪರ್ಕಗಳು ಸುಟ್ಟಿರಬಹುದು, ಇಲ್ಲವೆ ಮೋಟಾರಿನ ಕಾರ್ಬನ್ ಬ್ರಷ್ಷುಗಳು ಸವೆದಿರಬಹುದು. ಸದ್ದೇ ಇಲ್ಲವಾದರೆ ಕೀಲಿಯ ಸ್ವಿಚ್ಚು, ರಿಲೇ, ಫ್ಯೂಸುಗಳನ್ನು ವಿಚಾರಿಸಿಕೊಳ್ಳಬೇಕು. ಈಚಿನ ಹಲವು ಕಾರುಗಳಲ್ಲಿ ಕ್ಲಚ್ ಒತ್ತದೆ ಸೆಲ್ಫ್ ತಿರುಗುವುದೇ ಇಲ್ಲ. ಮೋಟಾರು ಬರಿದೇ ‘ಗುಂಯ್’ ಎಂದು ತಿರುಗಿ ಎಂಜಿನು ಅಲುಗದಿದ್ದರೆ ಪಿನಿಯನ್ ಹಲ್ಲು ಫ್ಲೈವೀಲಿಗೆ ಕಚ್ಚುತ್ತಿಲ್ಲವೆಂದು ಅರ್ಥ. ಸುತ್ತಿಗೆಯ ಮರದ ಹಿಡಿಯಿಂದ ಸೆಲ್ಫಿನ ಮೈಗೆ ಮೆಲ್ಲನೆ ತಟ್ಟಿದಾಗ ಅದು ಎಚ್ಚರಗೊಂಡರೆ ಬ್ರಷ್ಷುಗಳ ಕಾಲ ಮುಗಿಯುತ್ತ ಬಂದಿದೆಯೆಂದು ತಿಳಿಯಿರಿ.

ಒಂದು ಎಚ್ಚರಿಕೆಯ ಮಾತು. ತುಂಬಿ ಹರಿಯುವ ತೋಡು ದಾಟುವಾಗ ಕಾರು ನೀರಿನಲ್ಲಿ ನಿಂತುಹೋದರೆ ಸೆಲ್ಫ್ ಹೊಡೆಯಲೇಕೂಡದು. ಸಿಲಿಂಡರಿನೊಳಕ್ಕೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡು. ಅಲ್ಲಿಗೆ ಸೆಲ್ಫಿನ ಖರ್ಚು ಎಂಜಿನಿನ ಖರ್ಚಾಗಿ ಬೆಳೆಯುತ್ತದೆ.

ಅಪರಾಧಿ ಸೆಲ್ಫೇ ಎಂದು ಖಚಿತವಾದ ಮೇಲೆ ಬಿಚ್ಚುವ ಕೆಲಸ. ಅದು ದೊಡ್ಡದಲ್ಲ, ಸಾಮಾನ್ಯ ಕಾರಿನಲ್ಲಿ ಎರಡೋ ಮೂರೋ ಬೋಲ್ಟು, ಒಂದು ದಪ್ಪ ತಂತಿ, ಒಂದು ತೆಳು ತಂತಿ. ಆದರೆ ಆ ದಪ್ಪ ತಂತಿಯನ್ನು ಕುರಿತು ನಾವು ಎಷ್ಟು ಹೇಳಿದರೂ ಕಡಮೆಯೇ. ಅದು ಬ್ಯಾಟರಿಯ ಪ್ಲಸ್ಸಿನಿಂದ ನೇರವಾಗಿ ಬರುತ್ತದೆ. ಕೀಲಿ ತೆಗೆದಿಟ್ಟರೂ ಅದರಲ್ಲಿ ವಿದ್ಯುತ್ತು ನಿಂತೇ ಇರುತ್ತದೆ. ಸಾಮಾನ್ಯವಾಗಿ ನಡುವೆ ಫ್ಯೂಸೂ ಇರುವುದಿಲ್ಲ. ಸ್ಪಾನರು ಅದಕ್ಕೂ ಕಾರಿನ ಮೈಗೂ ಏಕಕಾಲದಲ್ಲಿ ತಾಗಿದರೆ ಕೆಂಡವಾಗುತ್ತದೆ. ಬ್ಯಾಟರಿಯಿಂದ ಹೊರಟ ಹೈಡ್ರೋಜನ್ ಅನಿಲಕ್ಕೆ ಕಿಡಿ ತಗಲಿದರೆ ಬ್ಯಾಟರಿ ಸಿಡಿಯಲೂಬಹುದು. ಆದುದರಿಂದ ಮೊಟ್ಟಮೊದಲು ಬ್ಯಾಟರಿಯ ಮೈನಸ್ಸನ್ನು ಬಿಚ್ಚಿ ದೂರ ಸರಿಸಿಡಬೇಕು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ಜೋಡಿಸಬೇಕು. ಉಂಗುರ, ಬಳೆ, ವಾಚುಗಳನ್ನು ಕಳಚಿಡುವುದನ್ನು ಮರೆಯಬಾರದು.

ಕೆಲವು ಕಾರುಗಳಲ್ಲಿ ಸೆಲ್ಫ್ ಮೇಲಿನಿಂದಲೇ ಕೈಗೆಟಕುತ್ತದೆ. ಕೆಲವದರಲ್ಲಿ ಕೆಳಗೆ ನುಸುಳಬೇಕು. ನುಸುಳಬೇಕಾದರೆ ಅಡಿಕೆ ಒಣಗಿಸುವ ಸಮತಟ್ಟಾದ ಅಂಗಳವೇ ಉತ್ತಮ ಸ್ಥಳ, ಅದರ ನೆಲ ಗಟ್ಟಿಯಾಗಿದ್ದರೆ. ಬರಿಯ ಜಾಕನ್ನು ನಂಬಿ ಯಾರೂ ಕಾರಿನಡಿಗೆ ಹೋಗಕೂಡದು. ನಮ್ಮಲ್ಲಿ ಕೈಗೆ ಸುಲಭವಾಗಿ ಸಿಗುವ ಮುರಕಲ್ಲನ್ನು ಆಸರೆಗಿಡುವ ಪದ್ಧತಿಯೊಂದಿದೆ. ಅದು ನಮ್ಮ ಮಟ್ಟಿಗೆ ಕಾರಿನಡಿಯಲ್ಲಿ ಆಸರೆಯಿಲ್ಲದಿರುವಷ್ಟೇ ಅಪಾಯಕರ. ಗೋಡೆಯಲ್ಲಿ ಹರಡಿ ಬೀಳುವ ಭಾರವನ್ನು ಹೊರುವ ಆ ಕಲ್ಲು ಒಂದೇ ಬಿಂದುವಿನಲ್ಲಿ ಬಿದ್ದ ಭಾರಕ್ಕೆ ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಉಕ್ಕಿನ ಸ್ಟ್ಯಾಂಡುಗಳೇ ಬೇಕು. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡ ಕೊಡಬೇಕು. ಹತ್ತಿರ ಇನ್ನೊಬ್ಬರಿರಬೇಕು, ಮಕ್ಕಳಿರಬಾರದು.

ತಂತಿ ಕಳಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿರಬೇಕು. ಕೊನೆಯ ಬೋಲ್ಟು ತೆಗೆಯುವಾಗ ಒಂದು ಕೈ ಸೆಲ್ಫಿನ ಕೆಳಗಿರಲಿ. ಕೆಲವು ಕಿಲೋ ತೂಗುವ ಕಬ್ಬಿಣ ಅದು, ಮುಖದ ನೇರಕ್ಕಿರುತ್ತದೆ. ಸೆಲ್ಫ್ ಹೊರಬಂದ ಮೇಲೆ ಆ ಕಿಂಡಿಯಲ್ಲಿ ಟಾರ್ಚು ಬಿಟ್ಟು ಫ್ಲೈವೀಲಿನ ಹಲ್ಲುಗಳನ್ನು ನೋಡಬೇಕು. ಎಂಜಿನು ಪ್ರತಿಸಲವೂ ಹೆಚ್ಚುಕಡಮೆ ಒಂದೆರಡು ನಿಶ್ಚಿತ ಸ್ಥಾನಗಳಲ್ಲಿಯೇ ನಿಲ್ಲುವುದರಿಂದ ಸವೆತವೂ ಅಲ್ಲಲ್ಲಿಯೇ ಇರುತ್ತದೆ. ಫ್ಲೈವೀಲನ್ನು ಒಂದು ಸುತ್ತು ತಿರುಗಿಸಿ ಎಲ್ಲ ಹಲ್ಲುಗಳನ್ನೂ ನೋಡದ ಹೊರತು ಪರೀಕ್ಷೆ ಪೂರ್ಣವಾಗದು. ಹಲ್ಲು ಮುರಿದಿದ್ದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಅದು ಅಂಗಳದ ಕೆಲಸವಲ್ಲ.

ಹೊಸದನ್ನು ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಪಿನಿಯನ್ನಿನ ಹಲ್ಲುಗಳ ಸಂಖ್ಯೆ, ಬೋಲ್ಟಿನ ತೂತುಗಳ ಅಂತರ ಎರಡೂ ತಾಳೆಯಾಗಬೇಕು. ಅಂಗಡಿಯಲ್ಲಿಯೇ ಒಮ್ಮೆ ತಿರುಗಿಸಿ ತೋರಿಸುವಂತೆ ಕೇಳಲು ಸಂಕೋಚ ಬೇಡ. ಜೋಡಿಸುವ ಮುನ್ನ ಸೆಲ್ಫ್ ಕೂರುವ ಲೋಹದ ಮುಖವನ್ನು ಹೊಳೆಯುವಂತೆ ಉಜ್ಜಬೇಕು. ಸಾಮಾನ್ಯವಾಗಿ ಸೆಲ್ಫಿಗೆ ಬೇರೆ ಮೈನಸ್ ತಂತಿಯಿಲ್ಲ. ವಿದ್ಯುತ್ತು ಎಂಜಿನಿನ ಮೈಯಿಂದಲೇ ಹಿಂದಿರುಗಬೇಕು. ಅಲ್ಲಿ ತುಕ್ಕೋ ಬಣ್ಣವೋ ಇದ್ದರೆ ಹೊಸ ಸೆಲ್ಫೂ ಹಳೆಯದರಂತೆಯೇ ಮುಷ್ಕರ ಹೂಡುತ್ತದೆ. ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸ್ಪಾನರು ಹಿಡಿಯಿರಿ. ಅಲ್ಯೂಮಿನಿಯಮಿನ ಮರೆ ಒಮ್ಮೆ ಕೆಟ್ಟರೆ ದುರಸ್ತಿ ಕಷ್ಟ.

ಹೈಬ್ರಿಡ್ ಕಾರುಗಳಿಗೂ, ಬೆಲ್ಟಿನ ಮೂಲಕ ಎಂಜಿನನ್ನು ಎಬ್ಬಿಸುವ ಹೊಸ ಏರ್ಪಾಡಿನ ಕಾರುಗಳಿಗೂ ಈ ಮಾತುಗಳು ಅನ್ವಯಿಸವು. ಅವುಗಳಿಗೆ ಮನೆಯಲ್ಲಿ ಕೈಹಾಕದಿರುವುದು ಲೇಸು.

ಹಳೆಯ ಸೆಲ್ಫನ್ನು ಗುಜರಿಗೆ ಹಾಕುವ ಮೊದಲು ಆಟೋ ಎಲೆಕ್ಟ್ರಿಷನರಿಗೆ ಒಮ್ಮೆ ತೋರಿಸಬಹುದು. ಆರ್ಮೇಚರ್ ಸುಟ್ಟಿಲ್ಲವಾದರೆ ಬ್ರಷ್ಷು, ಬುಷ್ಷು, ತಾಮ್ರದ ಸಂಪರ್ಕಗಳನ್ನಷ್ಟೇ ಬದಲಿಸಿ, ಹೊಸದರ ಬೆಲೆಯ ಸಣ್ಣ ಪಾಲಿನಲ್ಲಿ ಅವರು ಅದನ್ನು ಸರಿಪಡಿಸಿಕೊಡುವುದುಂಟು. ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರೆ ಮುಂದಿನ ಮಳೆಗಾಲಕ್ಕೆ ಮನೆಯಲ್ಲಿ ಒಂದು ಸೆಲ್ಫ್ ಹೆಚ್ಚಿಗೆ ಇರುತ್ತದೆ.