ಹಳದಿ ದೀಪದ ದೂರು

ಚಿಕ್ಕಬಾಣಾವರದಲ್ಲಿ ನೆಲೆಸಿ ಪೀಣ್ಯಕ್ಕೆ ದುಡಿಯಹೋಗುವ ಗೃಹಸ್ಥನೊಬ್ಬನು ಕೂಡಿಟ್ಟ ಹಣದಿಂದ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡನೆನ್ನಿ. ವಾರದೊಳಗೆ ಎಂಜಿನ್ನಿನ ಹಳದಿ ದೀಪ ಬೆಳಗುತ್ತದೆ. ಪರೀಕ್ಷಾಯಂತ್ರವು ‘ಪಿ ೦೪೨೦’ ಎನ್ನುತ್ತದೆ. ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಯಿತು, ಹೊಸದನ್ನು ಹಾಕಿಸಿ’ ಎಂಬ ತೀರ್ಪೂ ಬೆನ್ನಲ್ಲೇ ಬರುತ್ತದೆ. ವಾಚಕರು ಇಲ್ಲಿ ತುಸು ತಾಳಬೇಕು.

೧೯೯೫ರಲ್ಲಿ ನಮ್ಮ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ಸಾಧನವು ಹೊಗೆಕೊಳವೆಯೊಳಗಿನ ಜೇನುಹುಟ್ಟಿನಂತಿದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಲೇಪವು ವಿಷಾನಿಲವನ್ನು ಸೌಮ್ಯಗೊಳಿಸುತ್ತದೆ. ಹೊಗೆಯು ಒಳಹೋಗುವೆಡೆ ಒಂದು, ಹೊರಬರುವೆಡೆ ಒಂದು ಆಮ್ಲಜನಕ ಸಂವೇದಕ ಕಾವಲಿರುತ್ತದೆ. ಮೊದಲನೆಯದರ ಸೂಚನೆ ಏರಿಳಿಯುವುದು ಸಹಜ, ಎರಡನೆಯದರದು ಸ್ಥಿರವಾಗಿರಬೇಕು. ಅದೂ ಏರಿಳಿದರೆ ದೀಪ ದೂರುತ್ತದೆ.

ಆದರೆ ಕೊಳವೆಯ ಸೀಳೂ ಕೆಟ್ಟ ಸಂವೇದಕವೂ ಇದೇ ದೂರನ್ನು ಹುಟ್ಟಿಸಬಲ್ಲವು. ಕನ್ವರ್ಟರೇ ಸತ್ತಿದ್ದರೂ ಕೊಂದವರಾರು? ಉರಿಯದ ಪೆಟ್ರೋಲನ್ನು ಕಳುಹುವ ಸವೆದ ಸ್ಪಾರ್ಕ್ ಪ್ಲಗ್ಗೋ, ಎಂಜಿನ್ ಸುಡುವ ಎಣ್ಣೆಯೋ? ಆ ಮೂಲವನ್ನು ಸರಿಪಡಿಸದಿದ್ದರೆ ಹೊಸದಕ್ಕೂ ಅದೇ ಗತಿ.

ಇನ್ನೂ ಕೊಳ್ಳದವರಿಗೊಂದು ಮಾತು. ಮಾರುವವನು ದೋಷಸಂಕೇತವನ್ನು ಅಳಿಸಿದ್ದರೆ ದೀಪ ಆರಿರುತ್ತದೆ. ಆದರೆ ಕಾರಿನ ಸ್ವಪರೀಕ್ಷೆ ‘ಪೂರ್ಣಗೊಂಡಿಲ್ಲ’ ಎಂದು ಯಂತ್ರ ತೋರಿಸುತ್ತದೆ. ಹೆಸರಘಟ್ಟ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರೆ ಸಾಲದು. ಅದು ಪೂರ್ಣಗೊಳ್ಳುವವರೆಗೆ ಹಣ ಎಣಿಸಬೇಡಿ. ಆರಿದ ದೀಪವು ಆರೋಗ್ಯದ ಸಾಕ್ಷಿಯಲ್ಲ.