ನಾಗವಲ್ಲಿಯನ್ನು ಸುಟ್ಟವರು ಯಾರು?



ಗಾಂಧಿ ಬಜಾರಿನ ನಮ್ಮ ಸಂಘದ ಸಭೆಯಲ್ಲಿ ಮೊನ್ನೆ ‘ಆಪ್ತಮಿತ್ರ’ (2004) ಚಿತ್ರದ ಮಾತು ಬಂತು. ನಾಗವಲ್ಲಿ ಎಂದರೆ ಎಲ್ಲರಿಗೂ ಭಯ. ರಾಜನ ಮಾತೆತ್ತಿದರೆ ನಗು. ನಾನು ಕೇಳಿದೆ: ಅವಳ ತಪ್ಪೇನು? ರಾಜನನ್ನು ಬಿಟ್ಟು ತನಗೆ ಬೇಕಾದವನನ್ನು ಪ್ರೀತಿಸಿದ್ದು. ರಾಜ ಅವನ ತಲೆ ಕಡಿದ, ಅವಳನ್ನು ಜೀವಂತ ಸುಟ್ಟ. ಆದರೂ ನಮ್ಮ ಬಾಯಲ್ಲಿ ಸುಟ್ಟವನು ತಮಾಷೆಯಾದ, ಸುಟ್ಟುಹೋದವಳು ದೆವ್ವವಾದಳು! ಸಭೆ ಸುಮ್ಮನಾಯಿತು.

ಬೀದಿಯಲ್ಲೂ ಹೀಗೆಯೇ. ಸೊಸೆ ಬೆಂದು ಸತ್ತರೆ ‘ಅವಳ ಸ್ವಭಾವವೇ ಸರಿಯಿರಲಿಲ್ಲ’ ಎನ್ನುತ್ತೇವೆ. ಮದುವೆಯಾದ 7 ವರ್ಷದೊಳಗೆ, ವರದಕ್ಷಿಣೆ ಕಿರುಕುಳದ ಬೆನ್ನಿಗೇ ಹೆಣ್ಣು ಹೀಗೆ ಸತ್ತರೆ ಅದು ವರದಕ್ಷಿಣೆ ಸಾವು ಎಂದು ಕಾನೂನು 1986ರಿಂದ ಹೇಳುತ್ತಿದೆ. ಅದು ಕೇಳುವುದು ಗಂಡನ ಮನೆಯವರ ನಡತೆಯನ್ನು, ಸತ್ತವಳ ಗುಣವನ್ನಲ್ಲ.

ಇನ್ನು ಮುಂದೆ ನಾವೂ ಅದನ್ನೇ ಕೇಳೋಣ. ಅವಳು ಬದುಕಿರುವಾಗಲೇ ಕೇಳೋಣ.